ದಿವಾಡಿ ದ್ವೀಪಕ್ಕೆ ನಿನ್ನ ಹೆಸರು

ತುಳಸಾ,

ನೀನು ನೀರಿಗೆ ಹೋದಾಗಲೇ ಬರೆದಿಡುತ್ತಿದ್ದೇನೆ, ಎದುರಿಗೆ ಹೇಳಲು ಮುಖವಿಲ್ಲ.

ನಿನ್ನೆ ಬೀಡಿ ಕಟ್ಟುತ್ತ ಕೂತ ನಿಮ್ಮೆಲ್ಲರ ಮುಂದೆ ನನ್ನ ಲೇಖನ ಓದಿದೆ. ನೀವೆಲ್ಲ ಗೋವಾದ ದಿವಾಡಿ ನೋಡಲು ಹೊರಟಿದ್ದೀರೆಂದು ಕೇಳಿ, ದುಡಿಯುವವರಿಗೆ ದ್ವೀಪದ ಮೋಜು ಯಾಕೆ ಎಂದು ಗುಡುಗಿದೆ. ನೀನು ತಲೆಯೆತ್ತದೆ, "ಓದ್ರಿ, ನಮ್ಮ ಕೈಯೇನ್ ನಿಂತಿಲ್ಲ" ಅಂದೆ. ಆ ಗೋವಾ ಪ್ರವಾಸ ಹೊಂದಿಸಿದವಳು ನೀನೇ ಎಂದು ನನಗೆ ಗೊತ್ತಿರಲಿಲ್ಲ.

ಇವತ್ತು ಮುಂಜಾನೆ ಪ್ರವಾಸದ ಪಟ್ಟಿ ಹಿಡಿದು ಬಂದ ಅಕ್ಕುತಾಯಿ ಬಾಗಿಲಲ್ಲೇ ಝಾಡಿಸಿದಳು: "ಪಣಜಿಗೆ ಕೆಂಪು ಬಸ್ಸು, ಮುಂದ ಫೆರಿ. ಕಂಡಕ್ಟರ್‌ನ ಕೇಳಿ ಕೇಳಿ ಇಷ್ಟ್ ಸಸ್ತಾ ದಾರಿ ಹುಡುಕಿದಾಕಿ ಅಕೀನ. ನಿಮ್ಮ ಓದು ಕೇಳಿ ತನ್ನ ಹೆಸರ ಹೊಡದ್ಹಾಕ್ಯಾಳ. ನಿಮ್ಮ ಹೋರಾಟಕ್ಕ ಹೆಂಡ್ತಿ ಒಬ್ಬಾಕಿನ ಸಿಕ್ಕಳೇನ್ರಿ ಸಾಹೇಬ್ರ?"



ಈಗ ಅವಳ ಮನೆಗೆ ಹೋಗಿ ನಿನ್ನ ಹೆಸರು ಮತ್ತೆ ಬರೆಸುತ್ತೇನೆ. ಎಲ್ಲರ ಮುಂದೆ ಓದಿದವನು ಎಲ್ಲರ ಮುಂದೆಯೇ ತಪ್ಪಾಯಿತು ಅನ್ನುತ್ತೇನೆ. ಬೇಡ ಅನ್ನಬೇಡ.

ರೊಟ್ಟಿ ಬಡಿದಿಟ್ಟಿದ್ದೇನೆ, ದಪ್ಪಗಾಗಿವೆ. ಬೆಕ್ಕು ಬಂದೀತು, ಹಾಲು ಮುಚ್ಚು.

ನೀನು ದ್ವೀಪದಲ್ಲಿರುವ ದಿನ ನಿನ್ನ ಪಾಲಿನ ಬೀಡಿ ನಾನು ಕಟ್ಟಬೇಕು. ಹತ್ತು ವರ್ಷ ಬೀಡಿ ಕಟ್ಟುವವರ ಬಗ್ಗೆ ಬರೆದೆ, ಒಂದು ಬೀಡಿ ಕಟ್ಟಲೂ ಬರುವುದಿಲ್ಲ. ಎಲೆ ನೆನೆಹಾಕಿದ್ದೇನೆ. ಸಂಜೆ ಕಲಿಸು.

ಜ್ಞಾನದೇವ