ಬೀಗದ ಕೈ ಸದ್ದು ನಿಂತಾಗ

ಬಾಡಿಗೆ ಕೋಣೆ, ಎರಡನೇ ಮಹಡಿ
ಮೇ ೧೦, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡ ಎಂದು ಡಾಕ್ಟರು ಹೇಳಿದ ಮೇಲೂ ಬಟ್ಟೆ ಒಣಗಿಸಲು ತಾರಸಿಗೆ ಹೋಗುತ್ತೀಯಂತೆ, ಅಪ್ಪ ಚಾಡಿ ಹೇಳಿದರು. ಅಪ್ಪನ ಕೆಮ್ಮು ನಿಂತಿತೇ? ಗುಬ್ಬಿ ಹೇಗಿದ್ದಾಳೆ? ಪೆನ್ಸಿಲ್ ಮುರಿದರೂ ಅಳುವ ನನ್ನ ತಂಗಿಗೆ ಆಗಲೇ ಹತ್ತು ವರ್ಷ ಎಂದರೆ ನಂಬಿಕೆ ಬರುವುದಿಲ್ಲ. ನನ್ನ ಹಳೆಯ ಹಾಸ್ಟೆಲ್ಲಿನಲ್ಲೇ ಅವಳಿಗೂ ಸೀಟು ಸಿಕ್ಕಿತು, ಟ್ರಂಕ್ ತಂದಾಯಿತು, ಮುಚ್ಚಳದ ಮೇಲೆ ಹೆಸರು ಬರೆಸುವುದೊಂದು ಬಾಕಿ ಎಂದು ಖುಷಿಯಿಂದ ಬರೆದಿದ್ದೀಯ. ‘ನಿನ್ನನ್ನ ತಿದ್ದಿ ತೀಡಿದ ಜಾಗ ಅಲ್ವಾ’ ಎಂದೂ ಸೇರಿಸಿದ್ದೀಯ. ಟ್ರಂಕಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಈಗ ನನಗೆ ಮೈಯೆಲ್ಲ ಉರಿಯುತ್ತಿದೆ, ಅದನ್ನು ಹೇಳಿ ಮುಗಿಸದಿದ್ದರೆ ಬೇರೆ ಮಾತಿಗೆ ಕೈ ಓಡುವುದಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನೀನು ಸ್ಪೀಕರ್ ಹಾಕುತ್ತೀಯ, ಗುಬ್ಬಿ ಪಕ್ಕದಲ್ಲೇ ಕಿವಿ ನೆಟ್ಟು ಕೂತಿರುತ್ತಾಳೆ. ಸಿಟ್ಟು ಬಂದಾಗ ನನಗೆ ಅರ್ಧ ಇಂಗ್ಲಿಷೇ ಬರುವುದು, ಅಲ್ಲಲ್ಲಿ ನುಸುಳಿದರೆ ಹೊಟ್ಟೆಗೆ ಹಾಕಿಕೋ.

ನಮ್ಮ ಸಿನಿಮಾ ಕೋರ್ಸಿನ ಫಸ್ಟ್ ಇಯರ್‌ನವರೆಲ್ಲ ಒಂದು ಥ್ರಿಲ್ಲರ್ ಸಿನಿಮಾದ ಓಪನಿಂಗ್ ಮಾಡಬೇಕಿತ್ತು. ಪೂರ್ತಿ ಸಿನಿಮಾ ಅಲ್ಲ, ಮೊದಲ ಎರಡು ನಿಮಿಷ ಮಾತ್ರ. ಮೂರು ಮೂರು ಜನರ ತಂಡ. ನಮ್ಮದರಲ್ಲಿ ಕ್ಯಾಮೆರಾ ಹಿಡಿದವನನ್ನು ಎಲ್ಲರೂ ಟ್ರೈಪಾಡ್ ಎನ್ನುತ್ತಾರೆ, ಅಷ್ಟು ಉದ್ದ, ಅಷ್ಟು ಒಣಕಲು. ಎಡಿಟಿಂಗ್ ನನ್ನ ರೂಂಮೇಟ್‌ದು. ಕಥೆ, ಸೌಂಡ್ ನನ್ನದು. ಮಾಡಿ ಮುಗಿಸಿದ ಮೇಲೆ ಇಡೀ ಕ್ಲಾಸಿಗೆ ತೋರಿಸಬೇಕು, ಒಬ್ಬೊಬ್ಬರೂ ಹಾಳೆಯಲ್ಲಿ ಮೌಲ್ಯಮಾಪನ ಬರೆಯಬೇಕು, ಕೊನೆಯ ಮಾತು ನಮ್ಮ ಮೇಷ್ಟ್ರದು. ಅವರಿಗೆ ನಾವಿಟ್ಟ ಹೆಸರು ಕತ್ತರಿ ಸರ್. ಯಾರ ಸಿನಿಮಾ ನೋಡಿದರೂ ಎರಡು ಬೆರಳಲ್ಲಿ ಗಾಳಿಯನ್ನು ಕಚಕ್ ಕಚಕ್ ಎಂದು ಕತ್ತರಿಸಿ, ಇಲ್ಲಿಂದ ಇಲ್ಲಿಗೆ ಬೇಡ ಎನ್ನುತ್ತಾರೆ. ಕೆಟ್ಟವರಲ್ಲ ಅಮ್ಮಾ. ಅದೇ ಇನ್ನೂ ಸಿಟ್ಟು ಬರಿಸುವುದು.

ನಮ್ಮ ಎರಡು ನಿಮಿಷದಲ್ಲಿ ನಡೆಯುವುದು ಇಷ್ಟು. ಸಾಲು ಮೇಜುಗಳ ಉದ್ದನೆಯ ಕೋಣೆ, ಸಂಜೆ ಓದುವ ಹೊತ್ತು. ಒಬ್ಬ ಹುಡುಗಿ ಲೆಕ್ಕ ಮಾಡುತ್ತಿದ್ದಾಳೆ. ಹೊರಗೆ ವರಾಂಡದಲ್ಲಿ ಬೀಗದ ಕೈ ಗೊಂಚಲಿನ ಸದ್ದು, ಘಲ್ ಘಲ್ ಎಂದು ಹತ್ತಿರ ಬರುತ್ತದೆ, ದೂರ ಹೋಗುತ್ತದೆ. ಸದ್ದು ಇರುವಷ್ಟು ಹೊತ್ತು ಹುಡುಗಿಯರೆಲ್ಲ ಆರಾಮ. ರಬ್ಬರ್ ಎಸೆದಾಡುತ್ತಾರೆ, ಒಬ್ಬಳು ಮುಂದಿನವಳ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತಾಳೆ. ಆಮೇಲೆ ಸದ್ದು ನಿಲ್ಲುತ್ತದೆ. ಬಾಗಿಲು ತೆರೆಯುವುದಿಲ್ಲ, ಯಾರೂ ಒಳಗೆ ಬರುವುದಿಲ್ಲ. ಪೆನ್ಸಿಲ್ ನಿಲ್ಲುತ್ತದೆ. ಹೆಣೆಯುತ್ತಿದ್ದ ಬೆರಳು ಕೂದಲಲ್ಲೇ ಉಳಿಯುತ್ತದೆ. ಒಬ್ಬರೂ ತಲೆ ಎತ್ತುವುದಿಲ್ಲ. ಕಪ್ಪು ಪರದೆ, ಸಿನಿಮಾದ ಹೆಸರು, ಮುಗಿಯಿತು. ಹಾರ್ಡ್‌ವೇರ್ ಅಂಗಡಿಯಲ್ಲಿ ತುಕ್ಕು ಹಿಡಿದ ಬೀಗದ ಕೈಗಳನ್ನು ಕೇಳಿ ತಂದು, ಉಂಗುರಕ್ಕೆ ಪೋಣಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಕಾಲೇಜಿನ ವರಾಂಡದಲ್ಲಿ ನಾನೇ ನಡೆದು ರೆಕಾರ್ಡ್ ಮಾಡಿದೆ. ಬೇಗ ನಡೆದರೆ ಅದು ಬರೀ ತಗಡಿನ ಗಲಾಟೆ. ನಿಧಾನಕ್ಕೆ, ಹೊಟ್ಟೆ ತುಂಬಿದವರ ಹಾಗೆ ನಡೆದಾಗ ಬಂತು ನೋಡು ಅಸಲಿ ಸದ್ದು. ಅದನ್ನು ನಿಲ್ಲಿಸಲೆಂದು ಗೊಂಚಲನ್ನು ಮುಷ್ಟಿಯಲ್ಲಿ ಹಿಡಿದಾಗ ನನ್ನದೇ ಅಂಗೈ ಬೆವರಿತು.

ನಮಗಿಂತ ಮೊದಲು ತೋರಿಸಿದ ತಂಡದ್ದು ಕೇಳು. ಬೇಸ್‌ಮೆಂಟ್ ಪಾರ್ಕಿಂಗ್, ತೊಟ್ಟಿಕ್ಕುವ ನಲ್ಲಿ, ಮಾಸ್ಕ್ ಹಾಕಿದವನೊಬ್ಬ, ಕೈಯಲ್ಲಿ ಚಾಕು, ನೆಲದ ಮೇಲೆ ಒಂದು ಕಣ್ಣು ಕಿತ್ತ ಗೊಂಬೆ, ಗೊಂಬೆಯ ಮೈತುಂಬ ಕೆಂಪು ಬಣ್ಣ. ಆ ಬಡಪಾಯಿ ಗೊಂಬೆ ಯಾರ ಗಂಟು ತಿಂದಿತ್ತೋ ನಾ ಕಾಣೆ. ಹಿನ್ನೆಲೆಯಲ್ಲಿ ಢಂ ಢಂ ಢಂ, ಯಾರೋ ನೀರಿನ ಡ್ರಮ್ಮನ್ನು ಮೆಟ್ಟಿಲ ಮೇಲಿಂದ ಉರುಳಿಸಿದ ಹಾಗೆ. ಕ್ಲಾಸಿಗೆ ಕ್ಲಾಸೇ ಚಪ್ಪಾಳೆ. ‘ಗುಡ್, ಥ್ರಿಲ್ಲರ್ ಅಂದ್ರೇನು ಅಂತ ಇವ್ರಿಗೆ ಗೊತ್ತಿದೆ’ ಎಂದರು ಕತ್ತರಿ ಸರ್. ಆಮೇಲೆ ನಮ್ಮದು. ಬೀಗದ ಕೈ ಸದ್ದು ನಿಂತಿದ್ದೇ ತಡ, ಹಿಂದಿನ ಬೆಂಚಿನಿಂದ ‘ಸೌಂಡ್ ಹೋಯ್ತು! ಸೌಂಡ್ ಹೋಯ್ತು!’ ಒಬ್ಬ ಮಹಾನುಭಾವ ಎದ್ದು ಹೋಗಿ ಸ್ಪೀಕರಿನ ವೈರ್ ಅಲ್ಲಾಡಿಸಿದ. ಇನ್ನೊಬ್ಬ ಪ್ಲಗ್ ಕಿತ್ತು ಚುಚ್ಚಿದ. ಪರದೆಯ ಮೇಲೆ ನನ್ನ ಹುಡುಗಿ ಉಸಿರು ಬಿಗಿಹಿಡಿದು ಕೂತಿದ್ದಾಳೆ, ಇವರು ಇಲ್ಲಿ ರಿಪೇರಿಗೆ ನಿಂತಿದ್ದಾರೆ! ಎರಡನೇ ಸಲ ಹಾಕಿದಾಗಲೂ ಅದೇ ಜಾಗದಲ್ಲಿ ಸದ್ದು ನಿಂತಿದ್ದು ನೋಡಿ ಸರ್ ನನ್ನತ್ತ ತಿರುಗಿದರು. ‘ಓ, ಬೇಕಂತಲೇ ಮಾಡಿದ್ದಾ?’

ಆ ಮಾತಿನ ಧಾಟಿ ನೀನು ಕೇಳಬೇಕಿತ್ತು. ‘ನೋಡಮ್ಮಾ, ಸದ್ದು ಹತ್ರ ಬಂದ್ರೆ ಭಯ, ನಿಂತ್ರೆ ಸಮಾಧಾನ. ಇದು ಎಬಿಸಿಡಿ. ನೀನು ಪೂರ್ತಿ ಉಲ್ಟಾ ಹಿಡ್ಕೊಂಡಿದ್ದೀಯ’ ಎಂದು ಗಾಳಿಯಲ್ಲಿ ಕಚಕ್ ಎನಿಸಿದರು. ನನ್ನ ಭಯಕ್ಕೆ ಇವರು ಎಬಿಸಿಡಿ ಕಲಿಸುತ್ತಾರಂತೆ! ಉಲ್ಟಾ ಅಲ್ಲ ಸರ್ ಎನ್ನಲು ಬಾಯಿ ತೆರೆದೆ. ‘ಸರಿ, ಸದ್ದು ನಿಲ್ತು. ಆಮೇಲೆ ಏನಾಗುತ್ತೆ? ಅದನ್ನ ಹೇಳು, ಒಪ್ಕೋತೀನಿ’ ಎಂದರು. ನಿನಗೆ ಗೊತ್ತಲ್ಲ, ನಾಲ್ಕು ಜನರ ಮುಂದೆ ನಿಂತರೆ ನನಗೆ ನನ್ನ ಹೆಸರೇ ನೆನಪಿರುವುದಿಲ್ಲ. ‘ಬೀಗದ ಕೈ ಕಳೆದುಹೋಯ್ತು ಸರ್, ಹುಡುಕ್ತಿದ್ದಾರೆ!’ ಎಂದು ಯಾರೋ ಕೂಗಿದರು. ಸರ್ ಕೂಡ ನಕ್ಕರು. ಟ್ರೈಪಾಡ್ ಏನಾದರೂ ಹೇಳುತ್ತಾನೇನೋ ಎಂದು ನೋಡಿದರೆ ಅವನು ‘ಶೂಟಿಂಗ್ ಅಷ್ಟೇ ನಂದು ಸರ್, ಸೌಂಡ್ ಅವಳದ್ದು’ ಎಂದು ಕೈ ತೊಳೆದುಕೊಂಡ. ಹಾಳೆಗಳಲ್ಲಿ ಬರೆದದ್ದನ್ನಂತೂ ಕೇಳಲೇಬೇಡ. ವಿಲನ್ ಇಲ್ಲ. ಧ್ವನಿ ಮಧ್ಯದಲ್ಲಿ ಕೈಕೊಟ್ಟಿದೆ. ಒಬ್ಬಳು ‘ಚೆನ್ನಾಗಿ ನಿದ್ದೆ ಬಂತು, ಥ್ಯಾಂಕ್ಸ್’ ಎಂದು ಬರೆದು ಪಕ್ಕದಲ್ಲಿ ಹೂವಿನ ಚಿತ್ರ ಬಿಡಿಸಿದ್ದಾಳೆ.

ಬುಧವಾರದೊಳಗೆ ‘ಧ್ವನಿ ದೋಷ’ ಸರಿಪಡಿಸಿ ಕೊಟ್ಟರೆ ಪಾಸು, ಇಲ್ಲದಿದ್ದರೆ ಈ ಪೇಪರ್ ಮುಂದಿನ ವರ್ಷ ಮತ್ತೆ. ನಿನ್ನೆ ಕೋಣೆಗೆ ಬರುವಷ್ಟರಲ್ಲಿ ನನ್ನ ರೂಂಮೇಟ್ ಆ ಮೌನದ ಮೇಲೆ ಒಂದು ಢಂ ಕೂರಿಸಿಯೇ ಬಿಟ್ಟಿದ್ದಳು. ‘ಒಂದೇ ಒಂದು ಢಂ ಕಣೇ, ನಿನ್ನ ಗಂಟೇನು ಹೋಗುತ್ತೆ?’ ಒಳ್ಳೆಯವಳೇ, ನನ್ನ ಬೀಗದ ಕೈಗೆ ನಾನು ಪುಟ್ಟ ಗಂಟೆ ಕಟ್ಟಿಕೊಂಡಿದ್ದೇನೆಂದು ‘ಬೆಕ್ಕು ಬಂತು’ ಎಂದು ದಿನಾ ನಗುತ್ತಾಳೆ. ಅವಳದಕ್ಕೂ ಒಂದು ಕಟ್ಟಿದ್ದೇನೆ, ಯಾಕೆ ಎಂದು ಅವಳೂ ಕೇಳಿಲ್ಲ, ನಾನೂ ಹೇಳಿಲ್ಲ. ಆ ಢಂ ಅನ್ನು ಅವಳೆದುರೇ ಅಳಿಸಿದೆ. ಅವಳು ಮುಖ ಊದಿಸಿಕೊಂಡು ಮಲಗಿದಳು. ಊದಿಸಿಕೊಳ್ಳಲಿ.

ಸರ್ ಕೇಳಿದ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು ಅಮ್ಮಾ. ನಿನಗೆ ನಮ್ಮ ವಾರ್ಡನ್ ನೆನಪಿದ್ದಾರಲ್ಲ? ನಾವು ಅವರನ್ನು ಗೆಜ್ಜೆ ಮಿಸ್ ಎನ್ನುತ್ತಿದ್ದೆವು. ಪೇರೆಂಟ್ಸ್ ಬರುವ ದಿನ ಸೊಂಟದ ಗೊಂಚಲು ಘಲ್ ಎನಿಸುತ್ತ ಎದುರು ಬಂದು ನಿನ್ನ ಕೈ ಹಿಡಿದುಕೊಳ್ಳುತ್ತಿದ್ದರು. ‘ಮನೆ ಯಜಮಾನಿ ಹಾಗಿದ್ದಾರೆ, ಇವರಿದ್ದರೆ ನಂಗೆ ಚಿಂತೆಯಿಲ್ಲ’ ಎಂದಿದ್ದೆ ನೀನು. ಹೌದು, ಸದ್ದು ಕೇಳುವಷ್ಟು ಹೊತ್ತು ನಮಗೂ ಚಿಂತೆಯಿರಲಿಲ್ಲ. ಎಲ್ಲಿದ್ದಾರೆಂದು ಗೊತ್ತಿರುತ್ತಿತ್ತು. ಸದ್ದು ನಿಂತರೆ ಗೊಂಚಲು ಅವರ ಮುಷ್ಟಿಯಲ್ಲಿದೆ, ಅವರು ಯಾವುದೋ ಕಿಟಕಿಯ ಹಿಂದೆ ನಿಂತು ನೋಡುತ್ತಿದ್ದಾರೆ ಎಂದು ಅರ್ಥ. ಅವರಿಗೆ ಬೇಕಾಗಿದ್ದವರು ತುಂಟರಲ್ಲ, ಅಳುವವರು. ಮನೆ ನೆನಪಾಗಿ ಕಣ್ಣೊರೆಸಿಕೊಂಡವಳು ಸಿಕ್ಕಿಬಿದ್ದರೆ ಅವಳನ್ನು ಕುರ್ಚಿಯ ಮೇಲೆ ನಿಲ್ಲಿಸುತ್ತಿದ್ದರು. ಉಳಿದವರೆಲ್ಲ ಅವಳ ಹಾಗೆ ‘ಅಮ್ಮಾ ಅಮ್ಮಾ’ ಎಂದು ಅತ್ತು ತೋರಿಸಬೇಕು, ಅವಳ ಅಳು ನಿಲ್ಲುವ ತನಕ. ಚೆನ್ನಾಗಿ ಅತ್ತು ತೋರಿಸಿದವರಿಗೆ ಶಹಬ್ಬಾಸ್. ನಾನು ಕುರ್ಚಿಯ ಮೇಲೂ ನಿಂತಿದ್ದೇನೆ, ಕೆಳಗೂ ನಿಂತಿದ್ದೇನೆ. ರಜೆಗೆ ಬಂದಾಗ ‘ಎಷ್ಟು ಗಟ್ಟಿಯಾಗಿದ್ದಾಳೆ ನೋಡಿ, ಒಂದು ಹನಿ ಕಣ್ಣೀರಿಲ್ಲ’ ಎಂದು ನೀನು ಅಪ್ಪನಿಗೆ ಹೇಳುತ್ತಿದ್ದೆ. ನಿನ್ನದೇನು ತಪ್ಪು? ನೀನು ಬಂದಾಗಲೆಲ್ಲ ಗೊಂಚಲು ಸದ್ದು ಮಾಡುತ್ತಲೇ ಇತ್ತು.

ಆದ್ದರಿಂದ ನಾನು ಸಿನಿಮಾದಲ್ಲಿ ಒಂದು ಸದ್ದನ್ನೂ ಸೇರಿಸುವುದಿಲ್ಲ. ಬುಧವಾರ ಇದ್ದದ್ದು ಇದ್ದ ಹಾಗೇ ಕೊಡುತ್ತೇನೆ. ನಮ್ಮ ಕೆಲಸದ ಬಗ್ಗೆ ನಾವೇ ಬರೆಯಬೇಕಾದ ಹಾಳೆಯೊಂದಿದೆ, ‘ಪ್ರೇಕ್ಷಕರಿಂದ ನೀವು ಏನು ಕಲಿತಿರಿ?’ ಎಂದು ಅದರ ಕೊನೆಯ ಪ್ರಶ್ನೆ. ವೈರ್ ಅಲ್ಲಾಡಿಸುವ ಮೊದಲು ಒಂದು ನಿಮಿಷ ಕಾಯುವುದನ್ನು ಪ್ರೇಕ್ಷಕರೂ ಕಲಿಯಬೇಕು ಎಂದು ಬರೆದಿದ್ದೇನೆ. ಬರೆದ ಮೇಲೆ ಎರಡು ಸಲ ಅಳಿಸಲು ಹೋದೆ. ಅಳಿಸಲಿಲ್ಲ. ಸರ್ ಮತ್ತೆ ಅದೇ ಪ್ರಶ್ನೆ ಕೇಳಿದರೆ ಈ ಸಲ ಹೇಳಿಬಿಡುತ್ತೇನೆ, ಧ್ವನಿ ನಡುಗಿದರೆ ನಡುಗಲಿ. ಫೇಲಾದರೆ ನೀವಿಬ್ಬರೂ ಬೇಜಾರು ಮಾಡಿಕೊಳ್ಳಬೇಡಿ.

ಮಾತ್ರೆ ತಪ್ಪಿಸಬೇಡ, ತಾರಸಿಗೆ ಅಪ್ಪನನ್ನು ಅಟ್ಟು. ಅಪ್ಪನಿಗೆ ನನ್ನ ನಮಸ್ಕಾರ, ಗುಬ್ಬಿಯ ಎರಡೂ ಕೆನ್ನೆಗೆ ಮುತ್ತು.

ನಿನ್ನ ದೊಡ್ಡವಳು

ಮರೆತಿದ್ದೆ: ಸಿನಿಮಾವನ್ನು ಅಪ್ಪನ ಫೋನಿಗೆ ಕಳಿಸಿದ್ದೇನೆ. ನೀನೊಬ್ಬಳೇ ಕೂತು ನೋಡು. ಬೀಗದ ಕೈ ಸದ್ದು ನಿಂತ ಕಡೆ ಫೋನ್ ಕೆಟ್ಟಿತೆಂದು ಬಡಿಯಬೇಡ, ಸುಮ್ಮನೆ ಕೇಳಿಸಿಕೋ. ಆ ಮಿಸ್ ಇನ್ನೂ ಅಲ್ಲೇ ಇದ್ದಾರೆ, ವಿಚಾರಿಸಿದೆ. ಟ್ರಂಕಿನ ಮೇಲೆ ಹೆಸರು ಬರೆಸಬೇಡ ಅಮ್ಮಾ. ಅದರಲ್ಲಿ ಹಳೆ ಕಂಬಳಿ ತುಂಬಿ ಮಂಚದ ಕೆಳಗೆ ತಳ್ಳು. ಗುಬ್ಬಿಯನ್ನು ಕಳಿಸಬೇಡ. ಅವಳು ಅಳುವುದಿದ್ದರೆ ಮನೆಯಲ್ಲೇ ಅಳಲಿ, ಪಕ್ಕದ ಮನೆಯವರಿಗೂ ಕೇಳುವ ಹಾಗೆ ಅಳಲಿ.