ಹುರುಪೆ ಇದ್ದ ಮೀನು

ಯಾದಗಿರಿ, ೧೩-೧-೫೦, ಶುಕ್ರವಾರ

ಶಾಲೆ ಬಿಟ್ಟದ್ದು ನಾಲ್ಕೂವರೆಗೆ. ಉರ್ದು ಬೋರ್ಡು ಇಳಿಸಿದ್ದಾರೆ, ಕನ್ನಡದ್ದು ಇನ್ನೂ ಬಂದಿಲ್ಲ. ಇಪ್ಪತ್ತಾರಕ್ಕೆ ಝಂಡಾ ಏರಿಸಬೇಕಂತೆ, ಹುಡುಗಿಯರಿಗೆ ಡ್ರಿಲ್ ಕಲಿಸುವುದೂ ನನ್ನ ತಲೆಗೇ. ಮನೆಗೆ ಬಂದರೆ ಅತ್ತೆ ಇವತ್ತೂ ಬರೀ ಹಾಲು, ಬಾಳೆಹಣ್ಣು. ಬಾವಿಕಟ್ಟೆಯಲ್ಲಿ ಜಾರಿ ಬಲಗೈ ಮುರಿದು ಐದು ದಿನ. ಈ ಬೆನೆ ಇಸ್ರೇಲಿ ಯಹೂದಿಗಳ ಮನೆಗೆ ಸೊಸೆಯಾಗಿ ಬಂದು ನಾಲ್ಕು ವರ್ಷ — ಬೇರೆ ಧರ್ಮದ ನಾನು ಮಾಡಿದ್ದನ್ನು ಅತ್ತೆ ಒಂದು ತುತ್ತೂ ಉಂಡವರಲ್ಲ. ತಮ್ಮ ಒಲೆ, ತಮ್ಮ ಗಡಿಗೆ. ಈಗ ಆ ಒಲೆ ತಣ್ಣಗಿದೆ.

೧೫-೧, ಭಾನುವಾರ

ಇವರು ತಮ್ಮ ರೈಲ್ವೆ ಕಚೇರಿಯಿಂದ ತಮಗೂ ಅತ್ತೆಗೂ ಮುಂಬೈಗೆ ಪಾಸು ತಂದರು. ಮುಂದಿನ ಭಾನುವಾರದ್ದು.

“ಆಯೀನ್ನ ಅಕ್ಕನ ಮನಿಗೆ ಒಯ್ತೀನಿ. ನಾನೂ ಅಲ್ಲೇ ಬದಲಿ ಕೇಳ್ತೀನಿ. ಉಪಾಸ ಕೆಡವಿ ನೋಡ್ಕೋತ ಕುಂದ್ರಲೇನು?”

ನನ್ನ ನೌಕರಿ? ಗಂಡ ಅಲ್ಲಿ, ನಾನಿಲ್ಲಿ... ಇಷ್ಟಕ್ಕೇ ಅಪ್ಪನ ಬೈಗುಳ ತಿಂದು ಮದುವೆಯಾದೆನೇ?

೧೭-೧

ಅವ್ವ ಬಂದಿದ್ದಳು, ಭೀಮಾ ದಂಡೆಯಿಂದ ಮೀನಿನ ಬುಟ್ಟಿ ಹೊತ್ತು. ಯಹೂದಿಗಳಿಗೆ ಮೈಮೇಲೆ ಹುರುಪೆ ಇದ್ದ ಮೀನು ಮಾತ್ರ ನಡೆಯುತ್ತದೆ ಎಂದು ನಾನೇ ಹೇಳಿಕಳಿಸಿದ್ದೆ. ಅಂಥದ್ದೇ ಆರಿಸಿದ್ದಾಳೆ. ಆದರೆ ಮಗಳು ದಣಿದಿರುತ್ತಾಳೆ ಎಂದು ಹುರುಪೆ ಎಲ್ಲ ಹೆರೆದು, ತೊಳೆದು, ತುಂಡು ಮಾಡಿ ತಂದಿದ್ದಾಳೆ.

ಅತ್ತೆ ತುಂಡು ತಿರುವಿ ನೋಡಿದರು. “ಹುರುಪಿ ಎಲ್ಲಿ? ಇದು ಯಾವ ಮೀನಂತ ನಾ ಹ್ಯಾಂಗ ತಿಳಕೊಳ್ಳಲಿ?”

“ನಮ್ಮವ್ವ ಸುಳ್ಳು ಹೇಳಂಗಿಲ್ರಿ.”

“ಸುಳ್ಳಂತ ನಾ ಅಂದಿಲ್ಲ.” ಗೋಡೆಗೆ ಮುಖ ಮಾಡಿ ಮಲಗಿದರು.

ಇಡೀ ಸಾರು ನಾನೂ ಇವರೂ ಇಬ್ಬರೇ ಉಂಡೆವು. ಸಿಟ್ಟು ಬಂತು. ಅವ್ವನ ಮೇಲೋ, ಅತ್ತೆಯ ಮೇಲೋ... ಗೊತ್ತಾಗಲಿಲ್ಲ.

೨೦-೧, ಶುಕ್ರವಾರ, ಸಂಜೆ ಐದೂವರೆ

ಅವ್ವ ಮತ್ತೆ ಬಂದಳು. ಒದ್ದೆ ಚೀಲದಲ್ಲಿ ಎರಡು ಇಡೀ ಮೀನು, ಒಂದಿನ್ನೂ ಬಾಯಿ ಆಡಿಸುತ್ತಿತ್ತು. ಹೊಸ್ತಿಲ ಹೊರಗೇ ಕೂತಳು. “ಬೀಗತಿ, ಮೊದ್ಲ ನೀವ ನೋಡ್ರಿ. ಆಮ್ಯಾಲೆ ಹೆರೀತೀನಿ.”

ಅತ್ತೆ ಎಡಗೈಯಿಂದ ಹುರುಪೆ ಸವರಿದರು. ಬಹಳ ಹೊತ್ತು. “ಹೆರೀರಿ” ಎಂದರು.

ಅತ್ತೆಯ ಒಲೆ ಯಹೂದಿಯ ಕೈಯಿಂದಲೇ ಹತ್ತಬೇಕಂತೆ, ಇವರು ಹಚ್ಚಿದರು. ಅತ್ತೆಯ ಗಡಿಗೆಯಲ್ಲೇ ಒಂದು ಮೀನು ಬೇಯಿಸಿದೆ. ಎಡಗೈಯಲ್ಲಿ ಅವರು ಉಣ್ಣುವವರಲ್ಲ. ಮುಳ್ಳು ಬಿಡಿಸಿ, ಅನ್ನ ಕಲಸಿ, ನಾನೇ ತುತ್ತು ಹಿಡಿದೆ. ಬಾಯಿ ತೆರೆದರು.

ಐದು ತುತ್ತಾದ ಮೇಲೆ ಹೇಳಿದರು — “ನಾಳಿ ಶನಿವಾರ, ಒಲಿ ಹಚ್ಚಂಗಿಲ್ಲ. ಹೊತ್ತು ಮುಣಗೂದ್ರಾಗ ನಾಳಿಂದೂ ಮಾಡಿಡು.”

ನಾಡಿದ್ದಿನ ಪಾಸನ್ನು ಇವರು ಮಡಚಿ ಪೆಟ್ಟಿಗೆಯ ತಳಕ್ಕಿಟ್ಟರು. ಎರಡನೇ ಮೀನು ಇನ್ನೂ ಹಾಗೇ ಇದೆ, ಹೊತ್ತು ಮುಳುಗಿದರೆ ಅವರ ಶನಿವಾರ ಶುರು, ಬಿಸಿಲು ಆಗಲೇ ಗೋಡೆಯಿಂದ ಇಳಿದಿದೆ, ಬರೆಯುತ್ತ ಕೂತರೆ—