ಚೀಲದ ಮೇಲಿನ ಹೆಸರು

ಅಕ್ಕಾ,

ನೀನು ಹೋದ ದೇಶಕ್ಕೇ ನನಗೂ ವೀಸಾ ಕೊಟ್ಟುಬಿಟ್ಟರು ಕಣೇ.

ಕೊಡಲಾರರು ಎಂಬ ಧೈರ್ಯದಲ್ಲೇ ಹೋಗಿದ್ದೆ. ಕೃತಕ ಕಾಲಿಗೆ ಪ್ಲಾಸ್ಟರಿನ ಅಚ್ಚು ತೆಗೆದೂ ತೆಗೆದೂ ನಿನ್ನ ಹಾಗೆ ನನ್ನ ಬೆರಳಿನ ಗೆರೆಗಳೂ ಸವೆದುಹೋಗಿವೆ. ವೀಸಾ ಕಚೇರಿಯ ಬೆರಳಚ್ಚು ಯಂತ್ರದ ಗಾಜಿನ ಮೇಲೆ ಒತ್ತಿದಾಗಲೆಲ್ಲ ಕೆಂಪು ದೀಪವೇ ಹತ್ತಿತು. ಸದ್ಯ, ಬಚಾವಾದೆ ಎಂದುಕೊಂಡೆ. ಜೊತೆಯವರೆಲ್ಲ ಪುಣ್ಯದ ಕೆಲಸ ಎಂದು ಬೆನ್ನು ತಟ್ಟಿದ ಮೇಲೆ ನಾನಾಗಿ ಒಲ್ಲೆ ಎನ್ನುವುದು ಹೇಗೆ?

ಅಧಿಕಾರಿ ಒಳ್ಳೆಯ ಹೆಂಗಸು, ಅದೇ ನನ್ನ ಗ್ರಹಚಾರ. ಒದ್ದೆ ಬಟ್ಟೆ ಕೊಟ್ಟು, "ಒರೆಸ್ಕೊಂಡು ಇನ್ನೊಂದ್ ಸಲ ಒತ್ತಿ" ಎಂದಳು. ಹಸಿರು ದೀಪ ಹತ್ತಿತು.

"ಸಂಬಳ ಇಲ್ದೆ ಅಷ್ಟು ದೂರ ಯಾಕೆ ಹೋಗ್ತೀರಿ?"

"ನೆಲಬಾಂಬಿಗೆ ಕಾಲು ಕಳ್ಕೊಂಡ ಮಕ್ಕಳಿದ್ದಾರೆ ಅಲ್ಲಿ." ಬಾಯಿಪಾಠ ಮಾಡಿದ್ದು ನಡುಗದೆ ಬಂತು.

"ನಿಮ್ಮೋರು ಯಾರಾದ್ರೂ ಇದ್ದಾರಾ ಅಲ್ಲಿ?"

ಇದ್ದಾರೆ ಎಂದರೆ, ಇವಳು ವಾಪಸ್ ಬರುವವಳಲ್ಲ ಎಂದು ಅನುಮಾನಪಟ್ಟು ವೀಸಾ ನಿರಾಕರಿಸುತ್ತಾರಂತೆ. ಅಕ್ಕ ಇದ್ದಾಳೆ ಎಂದುಬಿಟ್ಟಿದ್ದರೆ ಸಾಕಿತ್ತು. ಆದರೆ ನೀನಿರುವುದು ಅಲ್ಲಿಯ ಮಣ್ಣಿನಲ್ಲಿ. ಅದು ಇದ್ದ ಹಾಗೋ, ಇಲ್ಲದ ಹಾಗೋ?

"ಯಾರೂ ಇಲ್ಲ" ಎಂದೆ. ಮುದ್ರೆ ಬಿತ್ತು.

ಈಗ ಮನೆಯಲ್ಲಿದ್ದೇನೆ. ನಿನ್ನ ಜೊತೆ ಹೋಗಿ, ನೀನಿಲ್ಲದೆ ವಾಪಸ್ ಬಂದ ಉಪಕರಣದ ಚೀಲವನ್ನು ಅಮ್ಮ ಅಟ್ಟದಿಂದ ಇಳಿಸಿ ಒರೆಸುತ್ತಿದ್ದಾಳೆ.

"ಅವಳ ಹೆಸ್ರು ಅಳಿಸಿ ನಿಂದು ಬರೀಲೇನೇ?" ಎಂದು ಕೇಳಿದಳು.

ಬೇಡ ಎಂದೆ. ನನ್ನ ಹೆಸರಿನ ಚೀಲ ಈ ಮನೆಗೆ ಬರುವುದು ಬೇಡ.